ಬೀಳುವ ಮುನ್ನ

ಬೆಳಿಗ್ಗೆ ಆರಕ್ಕೆ ಮಾಯಿಗಯ್ಯ ಎಳೆದ ಸುಣ್ಣದ ಗೆರೆ
ಆರೂಕಾಲಿಗೆ ಅರ್ಧ ಇರಲಿಲ್ಲ.
ಮಂಡ್ಯದ ಆಷಾಢ.
ಕ್ಲಬ್ಬಿನ ಮಣ್ಣಂಗಳದ ಬೇಲಿಗೆ ಕಟ್ಟಿದ ಹಸಿರು ಪರದೆ
ಒಂದು ತುದಿ ಕಿತ್ತುಕೊಂಡು ಪಟಪಟ ಬಡಿಯುತ್ತಿತ್ತು.
ಯಾವುದೋ ಆಲೆಮನೆಯ ಪಾಕದ ವಾಸನೆ,
ಯಾರದೋ ಮಹಡಿಯಿಂದ ಒಂದು ಒದ್ದೆ ಕರ್ಚೀಫು.

ಆಚೆ ಕಡೆ ಕುಮುದವಲ್ಲಿ, ಹಲ್ಲಿನ ಡಾಕ್ಟರು,
ಜಡೆಯನ್ನು ಟೋಪಿಯೊಳಗೆ ತುರುಕಿ ನಿಂತಿದ್ದಾಳೆ.
ಈಚೆ ನಾನು, ಸಹಕಾರಿ ಬ್ಯಾಂಕಿನ ಕ್ಯಾಷಿಯರ್,
ಐವತ್ತೆರಡು ವರ್ಷ, ಒಂದು ನೋಯುವ ಭುಜ,
ಹನ್ನೊಂದು ವರ್ಷದಲ್ಲಿ ಅವಳ ಮೇಲೆ ಗೆದ್ದದ್ದು ನಾಲ್ಕು ಸಲ.
ಲೆಕ್ಕ ಇಟ್ಟಿದ್ದೇನೆ. ಕೆಲಸವೇ ಅದು.

ಸರ್ವ್ ಮಾಡಲು ಚೆಂಡು ಮೇಲೆಸೆದೆ.
ಎಸೆದ ಜಾಗದಲ್ಲಿ ಅದು ಇರಲಿಲ್ಲ.
ರಾಕೆಟ್ಟು ಬರಿ ಬೆಳಕನ್ನು ಬಡಿದು ಬಂತು.
ಮತ್ತೆ ಎಸೆದೆ, ಹಿಡಿದುಕೊಂಡೆ. ಮತ್ತೆ. ಮತ್ತೆ ಹಿಡಿದುಕೊಂಡೆ.
ಕುಮುದ ಆಕಳಿಸಿದಳು. ಇಲ್ಲಿಂದಲೇ ಕಂಡವು ಅವಳ ಹಲ್ಲು,
ಒಂದೂ ಹುಳುಕಿಲ್ಲ.

ಬೀಡಿ ಹಚ್ಚಲಾಗದೆ ಮೂರನೇ ಕಡ್ಡಿ ಎಸೆದು
ಮಾಯಿಗಯ್ಯ ಅಂದ:
"ಮೊರ ಹಿಡಿದಿಲ್ವಾ ಮೇಡಮ್ಮೋರೆ ನೀವು ಯಾವತ್ತೂವೆ?
ಅಷ್ಟೆತ್ತರಕ್ ಎತ್ತುದ್ರೆ ರಾಗಿನೂ ಹೋಯ್ತದೆ ಹೊಟ್ಟಿನ್ ಹಿಂದೆ.
ತಲೆ ಮ್ಯಾಲೊಂದ್ ಗೇಣು, ಸಾಕು.
ಗಾಳಿಗೆ ಬೆನ್ ಕೊಡ್ಬೇಡಿ, ಮೊಕಾನೂ ಕೊಡ್ಬೇಡಿ.
ಭುಜ ಕೊಡಿ."

ಗಾಳಿ ಬಂದಾಗ ತೂರಿಕೋ ಅಂತ
ಬ್ಯಾಂಕಿನಲ್ಲಿ ದಿನಕ್ಕೊಬ್ಬರಾದರೂ ಹೇಳುತ್ತಾರೆ.
ಕೇಳಿದ್ದೇನೆ ಅಷ್ಟೆ. ಮೊರವೆಂದರೆ ನನಗೆ
ಗೌರಿ ಹಬ್ಬದ ಬಾಗಿನ, ಬಳೆ, ಬಿಚ್ಚೋಲೆ, ಪುಟ್ಟ ಕನ್ನಡಿ.
ಅವನಿಗೆ ಅದು ಕೆರಗೋಡಿನ ಆಚೆಯ ಒಂದು ಕಣ,
ಅವ್ವ ಮುಕ್ಕಾಲಿ ಹತ್ತಿ ತೂರುತ್ತಿದ್ದಾಗ
ಕೆಳಗೆ ಬಾಯ್ಬಿಟ್ಟು ನಿಂತಿದ್ದವನ ಕಣ್ಣಿಗೆ ಹೋದ ಹೊಟ್ಟು.
ಆ ಎಡಗಣ್ಣು ಇವತ್ತಿಗೂ ಗಾಳಿಗೆ ನೀರಾಡುತ್ತದೆ.
ಗೆರೆ ನೋಡಿ ತೀರ್ಪು ಹೇಳುವುದು ಇನ್ನೊಂದು.

ಆದರೆ ಚೆಂಡು ರಾಗಿಯಲ್ಲ, ಹೊಟ್ಟೂ ಅಲ್ಲ.
ನೇರ ಬೀಳುವಷ್ಟು ತೂಕವಿಲ್ಲ,
ಪೂರಾ ಹೋಗಿಬಿಡುವಷ್ಟು ಹಗುರವಿಲ್ಲ.
ತಲೆ ಮೇಲೊಂದು ಗೇಣು ಎತ್ತಿ ಹೊಡೆದೆ.
ಕುರೂಪಿ ಸರ್ವ್. ಬಿತ್ತು.

ಗಾಳಿ ಬೆನ್ನಿಗಿದ್ದವಳ ಹೊಡೆತವೆಲ್ಲ ಬೇಲಿಗೆ,
ಎದುರಿಗಿದ್ದವಳದ್ದು ನೆಟ್ಟಿಗೆ.
ಬದಿ ಬದಲಿಸುವಾಗ ಒಬ್ಬರ ಬಾಟಲಿ ಒಬ್ಬರು ಕುಡಿದು
ಮಾತಾಡದೆ ದಾಟಿಕೊಂಡೆವು,
ಬಾಡಿಗೆ ಮನೆ ಅದಲುಬದಲು ಮಾಡಿಕೊಂಡವರ ಹಾಗೆ:
ಸೋರುವುದೆಲ್ಲಿ ಅಂತ ಇಬ್ಬರಿಗೂ ಗೊತ್ತು.

ಐದು, ಐದು.
ಆಗ ಆ ಲಾಬ್.
ಕೈ ಮೀರಿ ಎದ್ದದ್ದು, ಬಲಕ್ಕೆ, ಇನ್ನೂ ಬಲಕ್ಕೆ,
ಬೇಲಿಯಾಚೆಯ ಹೊಂಗೆ ಮರದ ಕಡೆ.
"ಔಟ್" ಅಂದಳು ಕುಮುದ, ಚೆಂಡಿನ್ನೂ ಮೇಲಿರುವಾಗಲೇ,
ಬೆನ್ನು ತಿರುಗಿಸಿ ಟವೆಲ್ಲಿನತ್ತ ಹೊರಟಳು.
ಗಾಳಿ ಮಗ್ಗುಲು ಬದಲಿಸಿತು.
ಹೋದ ಚೆಂಡನ್ನು ಹೋದ ದಾರಿಯಲ್ಲೇ ಕರೆತಂದು
ಮೂಲೆಯಲ್ಲಿ, ಗೆರೆ ಇದ್ದ ಕಡೆ, ಮೆತ್ತಗೆ ಇಳಿಸಿತು.

ಸುಣ್ಣ ಹಾರಲಿಲ್ಲ. ಹಾರಲು ಅಲ್ಲಿ ಸುಣ್ಣವಿರಲಿಲ್ಲ.
ಮಾಯಿಗಯ್ಯ ಬಂದು ಕುಕ್ಕರುಗಾಲಲ್ಲಿ ಕೂತು
ಒಳ್ಳೆಯ ಕಣ್ಣನ್ನು ನೆಲಕ್ಕೆ ಹತ್ತಿರ ಒಯ್ದ.
ಗುರುತು ಇದ್ದಿರಲೇಬೇಕು.
ಮೂವರೂ ಬಗ್ಗಿ ನೋಡುವಷ್ಟರಲ್ಲಿ ಕೆಮ್ಮಣ್ಣು
ಸ್ಲೇಟು ಒರೆಸಿದ ಹಾಗೆ ಮುಚ್ಚಿಕೊಂಡಿತ್ತು.

ಒಳಗೇ ಬಿದ್ದದ್ದು, ನಾನು ಕಂಡೆ ಅನ್ನಲು ಬಾಯಿ ತೆರೆದೆ.
ಧೂಳು ಹೋಯಿತು. ಮುಚ್ಚಿಕೊಂಡೆ.
ಕೌಂಟರಿನ ಕಿಂಡಿಯಲ್ಲಿ ಎಷ್ಟು ಮುಖ ನೋಡಿ
ಅವರು ಗಂಟು ಬಿಚ್ಚುವ ಮೊದಲೇ
ಕಮ್ಮಿ ಇರುತ್ತೆ ಅಂದುಕೊಂಡಿಲ್ಲ ನಾನು.

ಕುಮುದ ಚೆಂಡೆತ್ತಿ ತೊಡೆಗೆ ಒರೆಸಿದಳು.
"ಬೀಳೋ ಮುಂಚೇನೇ ಅಂದ್ಬಿಟ್ಟೆ ಅಲ್ವಾ" ಅಂದಳು,
ನನಗಲ್ಲ, ಚೆಂಡಿಗೆ.
"ಲೆಟ್ ಆಡೋಣ?"

ಮಾಯಿಗಯ್ಯ ಚಪ್ಪಲಿ ಬಿಟ್ಟು, ಹಿಮ್ಮಡಿಯೂರಿ
ಮಣ್ಣಲ್ಲಿ ಆಳವಾಗಿ ಒಂದು ಗೆರೆ ಕೊರೆದ.
ಸ್ವಲ್ಪ ಸೊಟ್ಟ. "ಇದು ಹಾರಕಿಲ್ಲ."

ಹೋಗಿ ನಿಂತೆ.
ತಲೆ ಮೇಲೊಂದು ಗೇಣು.
ಭುಜ ಕೊಟ್ಟೆ,
ಆ ನೋಯುವ ಭುಜವನ್ನೇ.