ಜರಡಿಗೆ ಸಿಗದದ್ದು

ಜುಹೂ ಹ್ಯಾಂಗರಿನ ಶಟರು ಅರ್ಧ ಎತ್ತಿದೆ.
ಬಗ್ಗಿ ಒಳಹೊಕ್ಕರೆ ಮೂಗಿಗೆ ಮೊದಲು
ಸುಟ್ಟ ರಬ್ಬರು, ಆಮೇಲೆ ಸಮುದ್ರ.
ನಾಲ್ಕು ಸೀಟಿನ ಪುಟ್ಟ ವಿಮಾನ
ಈಗ ಒಂದು ಬಾಲ, ಒಂದು ಎಂಜಿನ್ನು,
ನಡುವೆ ನೆಲಕ್ಕೆ ಹರಿದು ಹೆಪ್ಪುಗಟ್ಟಿದ ಅಲ್ಯೂಮಿನಿಯಂ,
ಹೆಂಚಿನಿಂದಾಚೆ ತುಳುಕಿದ ದೋಸೆಹಿಟ್ಟಿನ ಹಾಗೆ.

ನಾನು ವಿಮೆಯವರ ಸರ್ವೇಯರು.
ಚೀಲದಲ್ಲಿ ಟಾರ್ಚು, ಅಳತೆಪಟ್ಟಿ, ಪೇಂಟು ಬ್ರಶ್ಶು,
ಅಮ್ಮನ ಅಡಿಗೆಮನೆಯಿಂದ ತಂದು
ಇನ್ನೂ ವಾಪಸು ಕೊಡದ ರವೆ ಜರಡಿ.

ಬೆಂಕಿಗೆ ಸುಳ್ಳು ಬರುವುದಿಲ್ಲ ಎನ್ನುತ್ತಾರೆ ನಮ್ಮ ಕಸುಬಿನಲ್ಲಿ.
ಬರುತ್ತದೆ. ಚೆನ್ನಾಗಿಯೇ ಬರುತ್ತದೆ.
ಗಾಳಿ ಸಿಕ್ಕ ಕಡೆ ಜಾಸ್ತಿ ಉರಿದು
ಹುಟ್ಟಿದ್ದೂ ಅಲ್ಲೇ ಎಂದು ನಂಬಿಸುತ್ತದೆ.
ಬಾಗಿಲ ಬದಿಯ ಗೋಡೆ ಅಟ್ಟದವರೆಗೆ ಕಪ್ಪು.
ಅಲ್ಲೇ ಇದ್ದದ್ದು ವಾಚ್‌ಮನ್ನನ ಸ್ಟೂಲು.
ಎಲ್ಲರಿಗೂ ಬೇಕಿದ್ದದ್ದು ಅಷ್ಟೇ:
ಅವನದೊಂದು ಬೀಡಿ.

ಸಾತಲಿಂಗ, ಜತ್ತ ತಾಲೂಕಿನವನು.
ಪೊಲೀಸರೆದುರು ಮರಾಠಿಯಲ್ಲಿ ಕೈಮುಗಿದು ನಿಂತವನು
ನಾನು ಫೋನಿನಲ್ಲಿ ಮಗಳನ್ನು ಕನ್ನಡದಲ್ಲಿ ಗದರಿದ್ದು ಕೇಳಿ
ಎಲ್ಲಿಂದಲೋ ಕುರ್ಚಿ ತಂದಿಟ್ಟ.
"ಬೀಡಿ ಬಿಟ್ಟು ಆರು ವರ್ಷಾತ್ರಿ ಅಕ್ಕಾರ.
ಅದು ಹಾರದ ಮೂರು ವರ್ಷಾತು.
ಉಪ್ಪುಗಾಳಿ ತಿಂದು ರೆಕ್ಕಿ ಹಪ್ಪಳಾಗಿತ್ತು.
ಆವತ್ತ ಸಂಜೀಕ ಸಾಹೇಬ್ರು ಬಂದ್ರು, ಒಳಗ ಕುಂತ್ರು,
ಬಾಗ್ಲಾ ಹಾಕ್ಕೊಂಡ್ರು. ಒಂದ್ ತಾಸು.
ಹಾರಸಾವ್ರಂಗ ಕಿವಿಗೆ ಅದನ್ನ ಹಾಕ್ಕೊಂಡು."
ಹೊರಗೆ ಬಂದಾಗ?
"ಕೈಯಾಗ ದಸ್ತಿ ಗಂಟಿತ್ರಿ. ಇಷ್ಟ."
ಹೆಬ್ಬೆರಳು ತೋರಿಸಿದ.

ಪಾಲಿಸಿಗೆಂದು ತೆಗೆದ ಹಳೆಯ ಫೋಟೋ
ರಾತ್ರಿ ಎಳೆದು ಎಳೆದು ದೊಡ್ಡದು ಮಾಡಿದೆ:
ಮೀಟರುಗಳ ಮೇಲೆ, ದಿಕ್ಸೂಚಿಯ ಪಕ್ಕ
ಅಂಬೆಗಾಲಿಡುವ ಹಿತ್ತಾಳೆ ಕೃಷ್ಣ, ಕೈಯಲ್ಲಿ ಬೆಣ್ಣೆ.
ಹಿತ್ತಾಳೆ ಅಷ್ಟು ಸುಲಭಕ್ಕೆ ಕರಗುವುದಲ್ಲ,
ಸೊಟ್ಟಗಾಗಿಯಾದರೂ ಇರಬೇಕು.

ಎರಡು ದಿನ ಮಂಡಿಯೂರಿ ಬೂದಿ ಜರಡಿ ಹಿಡಿದೆ.
ಬೆಲ್ಟಿನ ಬಕಲು ನಾಲ್ಕು. ಸೀಟಿನ ಸ್ಪ್ರಿಂಗು.
ಒಂದು ರೂಪಾಯಿ, ಇಸವಿ ಕಾಣದು.
ಹೆಡ್‌ಫೋನಿನ ಉಕ್ಕಿನ ಬಿಲ್ಲು.
ತಾಮ್ರದ ತಂತಿ, ತುದಿಯಲ್ಲಿ ಮಣಿ ಇಲ್ಲ,
ಕಿಡಿ ಹಾರಿದ್ದರೆ ಮಣಿ ಕಟ್ಟುತ್ತಿತ್ತು.
ಬೆಣ್ಣೆ ಇಲ್ಲ. ಕೃಷ್ಣ ಇಲ್ಲ.

ವಾಲ್ಕೇಶ್ವರ, ಏಳನೇ ಮಹಡಿ.
ಜಯಸಿಂಹ ಆಶರ್ ಕಿಟಕಿಗೆ ಮುಖ ಮಾಡಿ ಕೂತಿದ್ದರು.
ಜಿಪ್ಪು ಕಾರ್ಖಾನೆ ಮುಚ್ಚಿದ್ದು, ಹ್ಯಾಂಗರಿನ ಬಾಡಿಗೆ,
ನಾನು ಕೇಳಿದ್ದಕ್ಕೆಲ್ಲ ಉತ್ತರ ಸರಿಯಾಗಿಯೇ ಕೊಟ್ಟರು.
ದೂರದಲ್ಲೊಂದು ವಿಮಾನ ಹಾದಾಗ ಮಾತ್ರ
ವಾಕ್ಯ ಅರ್ಧಕ್ಕೆ ನಿಲ್ಲುತ್ತಿತ್ತು.

ತರುಲತಾಬೆನ್ ಚಹಾ ತಂದರು,
ದೇವರ ಕೋಣೆಗೂ ಕರೆದರು.
"ಲಾಲ್‌ಜಿ ಮನೆಗೆ ಬಂದ, ನೋಡು.
ಪಾಪ, ಅಲ್ಲಿ ರಾತ್ರಿಯೆಲ್ಲ ಒಬ್ಬನೇ, ಚಳಿಯಲ್ಲಿ."
ಹೆಬ್ಬೆರಳಷ್ಟು ದೇವರಿಗೆ ಹಳದಿ ಉಣ್ಣೆಯ ಟೋಪಿ.
ಎತ್ತಿ ತೋರಿಸಿದರು: ಮಂಡಿಯ ಕೆಳಗೆ ಒಣಗಿದ ಗೋಂದು,
ಅದಕ್ಕಂಟಿದ ಬೂದುಬಣ್ಣದ ಚಕ್ಕೆ.
"ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಏನು ಹಚ್ಚಲಿ?"

ಥಿನ್ನರ್ ಎನ್ನಲು ಬಾಯಿ ತೆರೆದವಳು
ಹುಣಸೆಹಣ್ಣು ಎಂದೆ.
ಆಚೆ ಕೋಣೆಯಲ್ಲಿ ಕಪ್ಪು ಬಸಿಗೆ ತಾಗಿದ ಸದ್ದು.

ಕಾರಣ ಎಂಬ ಕಾಲಮ್ಮಿನಲ್ಲಿ ಆಫೀಸಿನ ಯಾರೋ
ಮೊದಲೇ ಪೆನ್ಸಿಲಿನಲ್ಲಿ ಗೀಚಿದ್ದ ಬೀಡಿಯನ್ನು
ಟ್ಯಾಕ್ಸಿ ಹತ್ತಿದ ಕೂಡಲೇ ಅಳಿಸಿದೆ.
ಇನ್ನೊಂದನ್ನು ಬರೆಯುವಷ್ಟರಲ್ಲಿ
ಹಾಜಿ ಅಲಿ ದಾಟಿತ್ತು.