ಒಂದು ಗೇಣು ಗಾಳಿಕಿಂಡಿ

ಉಲಾನ್‌ಬಾತರ್‌ನಲ್ಲಿ, ಮೈನಸ್ ಇಪ್ಪತ್ತೊಂಬತ್ತರ ಒಂದು ಶನಿವಾರ,
ಏಳನೇ ಮಹಡಿಯ ಮಾದರಿ ಮನೆಗೆ ದೆಜಿದ್ ಬಂದಳು.
ಟ್ರಾಲಿಬಸ್ಸಿನ ಚಾಲಕಿ. ಪಾಳಿ ಆಗಷ್ಟೇ ಮುಗಿದಿತ್ತು.
ಸ್ಟಿಯರಿಂಗ್ ತೀಡಿ ತೀಡಿ
ಕೈಗವಸಿನ ಅಂಗೈ ಹೊಳಪೇರಿತ್ತು.

ನಾನು ಬಾಯಿಪಾಠ ಒಪ್ಪಿಸಿದೆ:
ಇದು ಇಟಲಿಯ ಕಲ್ಲು, ನೋಡಿ, ಹಾಲಿನಂಥ ಬಿಳುಪು.
ಇದು ಹಿಡಿಯಿಲ್ಲದ ಕಪಾಟು, ಬೆರಳಲ್ಲಿ ಒತ್ತಿದರೆ ತೆರೆಯುತ್ತದೆ.
ಇದು ಗೋಡೆಯಗಲದ ಗಾಜು, ಒಂದೇ ಹಾಳೆ,
ಒಂದು ಗೆರೆಯೂ ಅಡ್ಡಬಾರದೆ
ಬೊಗ್ದ್ ಬೆಟ್ಟ ಇಡಿಯಾಗಿ ನಿಮ್ಮದು.

ಅವಳು ಬೆಟ್ಟ ನೋಡಲಿಲ್ಲ.
ಹೊಸ್ತಿಲಾಚೆಯೇ ನಿಂತು ಕೇಳಿದಳು:
"ಬೂಟು ಎಲ್ಲಿ ಬಿಡೋದು?"
ಮನೆಯಲ್ಲಿ ಐದು ಜನ. ಹತ್ತು ಬೂಟು.
ಒಳಗೆ ಉಣ್ಣೆ, ಹೊರಗೆ ಕರಗುವ ಹಿಮ.
ನನ್ನ ನಕ್ಷೆಯಲ್ಲಿ ಬಾಗಿಲ ಹಿಂದೆ ಇದ್ದದ್ದು
ಒಂದು ಹೂದಾನಿ.

ಅಡುಗೆ ಕಟ್ಟೆಯನ್ನು ಗೇಣು ಹಾಕಿ ಅಳೆದಳು. ಆರೂವರೆ.
ಮತ್ತೆ ಅಳೆದಳು, ಈ ಸಲ ಹಿಗ್ಗೀತೇನೋ ಎಂಬಂತೆ.
"ನನ್ನ ತಮ್ಮ ನವೆಂಬರಿನಲ್ಲಿ ಅರ್ಧ ಹಸು ಕಳಿಸ್ತಾನೆ.
ಇಲ್ಲಿ ಅದರ ತೊಡೆ ಮಲಗಿಸಿದರೆ ಚಾಕುವಿಗೆ ಜಾಗವಿಲ್ಲ."
ಬಾಲ್ಕನಿಗೆ ಬಂದು ಮೂಗೆಳೆದಳು.
ಬೆಚ್ಚಗಿತ್ತು. ನಾನೇ ಹೆಮ್ಮೆಯಿಂದ ಬಿಸಿ ಕೊಳವೆ ಹಾಯಿಸಿದ್ದೆ.
"ನಮಗೆ ಬೇಸಿಗೆ ಸರಿ, ತಾಯಿ.
ಮಾಂಸಕ್ಕೆ ಚಳಿಗಾಲ ಬೇಕಲ್ಲ?"

ಹಿಡಿಯಿಲ್ಲದ ಕಪಾಟಿಗೆ ಮೊಣಕೈ ಒತ್ತಿ ನಕ್ಕಳು.
ಹಬ್ಬಕ್ಕೆ ಸಾವಿರ ಕಡುಬು ಮಡಿಸುವ ಮನೆ,
ಬೆರಳ ತುಂಬ ಕೊಬ್ಬು, ಹಿಟ್ಟು.
ಈ ಬಿಳುಪು ಎಷ್ಟು ಹೊತ್ತು ಬಿಳುಪು?

ಆಮೇಲೆ ಆ ಗಾಜಿನ ಹತ್ತಿರ ಹೋದಳು,
ಹಣೆ ತಾಗುವಷ್ಟು ಹತ್ತಿರ.
ಕೊನೆಗೂ ಬೆಟ್ಟ ಕಂಡಿತಪ್ಪಾ ಎಂದುಕೊಂಡೆ.
ಇಲ್ಲ. ಚಿಲಕ ಹುಡುಕುತ್ತಿದ್ದಳು.
"ಬೆಳಗಿನ ಚಹಾದ ಮೊದಲ ಹನಿ
ಎಲ್ಲಿಂದ ಎರಚಬೇಕು?"

ನಾನು ಬೆಳೆದ ಮನೆ ನಾಲ್ಕನೇ ಮಹಡಿ, ಹಳೆಯ ಕಾಂಕ್ರೀಟು.
ಕಿಟಕಿಯೊಳಗೊಂದು ಪುಟ್ಟ ಕಿಟಕಿ, ಒಂದು ಗೇಣಗಲ.
ಅಮ್ಮ ಅದರಲ್ಲಿ ತೋಳು ತೂರಿಸಿ
ಒಂಬತ್ತು ಗುಳಿಯ ಮರದ ಸೌಟಿನಿಂದ
ಹಾಲು ಬೆರೆತ ಚಹಾ ಆಕಾಶಕ್ಕೆ ಎರಚುತ್ತಿದ್ದಳು.
ಕೆಳಮನೆಯ ಲೆಕ್ಕಿಗ ಸೆಂಗೆ ಕೂಗುತ್ತಿದ್ದ:
"ಆಕಾಶಕ್ಕೆ ಕೊಡು ತಾಯಿ, ನನ್ನ ಕಿಟಕಿಗಲ್ಲ!"
ಅಮ್ಮ ಕೇಳಿಸದವಳಂತೆ ಕಿಂಡಿ ಮುಚ್ಚುತ್ತಿದ್ದಳು.
ಹಬ್ಬದಲ್ಲಿ ಅವನಿಗೇ ಮೊದಲ ತಟ್ಟೆ.

ಐದು ವರ್ಷ ಓದಿದೆ.
ಕಂಬದ ಭಾರ, ಬೆಳಕಿನ ಕೋನ, ನಡೆವ ದಾರಿಯ ಅಗಲ.
ಆ ಜಗಳದ ಅಳತೆ ಮಾತ್ರ
ಯಾರೂ ಬರೆಸಲಿಲ್ಲ. ನಾನೂ ಕೇಳಲಿಲ್ಲ.

ದೆಜಿದ್ ಕೈಗವಸು ಹಾಕಿಕೊಂಡಳು.
"ಚೆನ್ನಾಗಿದೆ," ಎಂದಳು, ಬೇರೆಯವರ ಮಗುವನ್ನು ಹೊಗಳುವಂತೆ.

ಸೋಮವಾರ ಹೂದಾನಿ ಅಳಿಸಿದೆ.
ಅಲ್ಲಿ ತಗ್ಗಿನ ಕಲ್ಲು, ನೀರಿಗೆ ಇಳಿಜಾರು, ಕೂತು ಬೂಟು ಕಳಚಲು ಹಲಗೆ.
ಬಾಲ್ಕನಿಯ ಕೊಳವೆ ಕಿತ್ತೆ, ಮಾಂಸಕ್ಕೊಂದು ತಣ್ಣನೆ ಗೂಡು.
ಕಪಾಟಿಗೆ ಹಿಡಿ, ಮೊಣಕೈಗೂ ಸಿಗುವಂತೆ ಉದ್ದನೆಯದು.
ಸಾಹೇಬರು ಬಾತ್ಸೂರಿ ಅಷ್ಟಕ್ಕೂ ತಲೆಯಾಡಿಸಿದರು.
ಕಿಂಡಿಗೆ ಮಾತ್ರ:
"ಗಾಜು ಕತ್ತರಿಸಿದರೆ ಬೆಟ್ಟ ತುಂಡು. ಬೆಟ್ಟ ತುಂಡಾದರೆ ಬೆಲೆ ತುಂಡು."
ಎರಡು ವಾರ ಚೌಕಾಸಿ ನಡೆಯಿತು.
ಬೆಟ್ಟದ ಗಾಜು ಅವರಿಗೆ ಉಳಿಯಿತು,
ರಸ್ತೆ ಕಡೆಯ ಅಡುಗೆಮನೆ ಕಿಟಕಿ ನನಗೆ.

ಈ ಚಳಿಗಾಲ, ಬೆಳಿಗ್ಗೆ ಆರೂವರೆ, ಕತ್ತಲೆ.
ಟ್ರಾಲಿಬಸ್ಸು ಆ ಕಟ್ಟಡದ ಮುಂದೆ ದೀಪಕ್ಕೆ ನಿಂತಿತು.
ಓಡಿಸುತ್ತಿದ್ದವನು ಯಾರೋ ಹುಡುಗ.
ದೆಜಿದ್ ಎಲ್ಲಿ ಮನೆ ಕೊಂಡಳೋ, ಕೊಂಡಳೋ ಇಲ್ಲವೋ, ಗೊತ್ತಿಲ್ಲ.
ಆರನೇ ಮಹಡಿಯಲ್ಲಿ ಒಂದು ಕಿಂಡಿ ತೆರೆಯಿತು,
ಒಂದು ತೋಳು, ಒಂದು ಸೌಟು.
ಐದನೆಯವರ ಗಾಜಿನ ಮೇಲೆ
ಹಾಲು ಬಿದ್ದಲ್ಲೇ ಹೆಪ್ಪುಗಟ್ಟಿತು.

ಇನ್ನೇನು ಯಾರಾದರೂ ಬೈಯಬೇಕು.
ಕಾದೆ.
ಹಸಿರು ದೀಪ ಬಂತು.