ಮೀನಖಂಡ

ನಡುರಾತ್ರಿ ಎರಡೂವರೆಗೆ
ಎಡಗಾಲೊಳಗೆ ಮೀನೊಂದು ಒದ್ದಾಡಿತು.
ಹಲ್ಲು ಕಚ್ಚಿ ಎದ್ದು ಕೂತು
ಹೆಬ್ಬೆರಳು ಹಿಡಿದು ನನ್ನತ್ತ ಎಳೆದೆ.
ಸುಮ್ಮನಾಯಿತು, ಸಾಯಲಿಲ್ಲ.

ಶಿಡ್ಲಘಟ್ಟದ ಈ ಫಿಲೇಚರಿನಲ್ಲಿ
ಹನ್ನೊಂದು ವರ್ಷದಿಂದ ಬಿಸಿನೀರ ತೊಟ್ಟಿಯೆದುರು ನಿಂತಿದ್ದೇನೆ,
ಗೂಡು ಬೇಯುವ ಹಬೆಯಲ್ಲಿ ಎಳೆ ಹುಡುಕುತ್ತ.
ಬೆರಳು ಸದಾ ನೀರಲ್ಲಿ,
ನಾಲಿಗೆ ಸದಾ ಒಣಗಿ.
ಹೆಂಗಸರಿಗೆ ಇಲ್ಲಿ ಕಕ್ಕಸಿಲ್ಲ.
ಬೆಳಗ್ಗೆ ಅರ್ಧ ಲೋಟ ಟೀ,
ಆಮೇಲೆ ಸಂಜೆಯವರೆಗೂ ಬಿಗಿದ ತುಟಿ.

ಪಕ್ಕದ ತೊಟ್ಟಿಯ ಗುಲ್ನಾರ್ ನಕ್ಕಳು:
"ಹೆಸರೇ ಮೀನಖಂಡ ಕಣೇ,
ನೀರು ಕೊಡದಿದ್ದರೆ ಒದೀದೆ ಇರುತ್ತಾ?"

ಎದುರುಮನೆ ಪಿಳ್ಳಕ್ಕನ ಬಚ್ಚಲಿಗೆ
ಈಗ ತಿಂಗಳಿಗೆ ನೂರು ರೂಪಾಯಿ,
ಇಬ್ಬರ ಪಾಲು.
ಅದಾದ ಮೇಲೆಯೇ ಬಾಟಲಿಗೆ ಬಾಯಿ ಬಂತು:
ಉಪ್ಪು ಬಿದ್ದ ನೀರುಮಜ್ಜಿಗೆ,
ಒಮ್ಮೊಮ್ಮೆ ರಾತ್ರಿ ಮಿಕ್ಕ ಅಂಬಲಿ.
ಮಧ್ಯಾಹ್ನ ಅವಳ ಡಬ್ಬಿಯ ಬಾಳೆಹಣ್ಣಿಗೆ
ನನ್ನ ನುಗ್ಗೆಸೊಪ್ಪಿನ ಬಸ್ಸಾರು ಬದಲು.
ಅಡಿಗಡಿಗೆ ಎಲ್ಲಿಗೆ ಎಂದು
ಮಾಲೀಕರು ಗಡಿಯಾರ ನೋಡುತ್ತಾರೆ.
ನೋಡಲಿ.

ನಿನ್ನೆ ಎರಡೂವರೆಗೆ ಮತ್ತೆ ಎಚ್ಚರ.
ಹೆದರಿ ಹೆದರಿ ಕಾಲು ಸವರಿದೆ.
ಮೆತ್ತಗಿತ್ತು, ಆಳದಲ್ಲೆಲ್ಲೋ ಬಾಲವಾಡಿಸಿ
ಮಲಗಿತ್ತು ಮೀನು.
ಎಬ್ಬಿಸಿದ್ದು ಅದಲ್ಲ.
ಒಂದಕ್ಕೆ ಬಂದಿತ್ತು.
ಕತ್ತಲಲ್ಲಿ ಒಬ್ಬಳೇ ನಗುತ್ತ
ಚಿಲಕ ತೆಗೆದೆ.